ಬಾರದ ವರದಿಯ ಬೆನ್ನು ಹತ್ತಿ

ಕೋಣನಕುಂಟೆ ಕ್ರಾಸ್‌ನ ಒಂದು ಔಷಧಿ ಅಂಗಡಿ ಎಂದಿಟ್ಟುಕೊಳ್ಳಿ. ದಿನದ ವ್ಯಾಪಾರ ಕೂಡಿಸಿ, ಬೆಳಿಗ್ಗೆ ಆರಕ್ಕೆ ಮಾಲೀಕರಿಗೆ ಈಮೇಲ್ ಮಾಡುವ ಪುಟ್ಟ ಸ್ಕ್ರಿಪ್ಟ್ ಅಲ್ಲಿದೆ. ಬರೆದುಕೊಟ್ಟ ಹುಡುಗ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಇದ್ದಕ್ಕಿದ್ದಂತೆ ವರದಿ ನಿಲ್ಲುತ್ತದೆ. ಯಾರೂ ಏನನ್ನೂ ಮುಟ್ಟಿಲ್ಲ!

ಮುಟ್ಟದೆಯೂ ಕೆಡುತ್ತದೆ. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಜಿಮೇಲ್‌ನ ವೈಯಕ್ತಿಕ ಖಾತೆಯೊಳಗೆ ಹೋಗುತ್ತಿದ್ದ ಹಳೆಯ ಪ್ರೋಗ್ರಾಂಗಳನ್ನು ಗೂಗಲ್ 2022ರ ಮೇ 30ರಿಂದ ಹೊರಗಿಟ್ಟಿತು. ಪಾಸ್‌ವರ್ಡ್ ಸರಿಯಿದ್ದರೂ ಬರುವ ಉತ್ತರ 535 ಎಂಬ ದೋಷಸಂಖ್ಯೆ. ಖಾತೆಗೆ ಎರಡು ಹಂತದ ದೃಢೀಕರಣ ಹಾಕಿ, 16 ಅಕ್ಷರಗಳ ಆಪ್ ಪಾಸ್‌ವರ್ಡ್ ಪಡೆದು ಸ್ಕ್ರಿಪ್ಟಿಗೆ ಕೊಡಬೇಕು. ಮುಂದೆಂದೋ ಖಾತೆಯ ಪಾಸ್‌ವರ್ಡ್ ಬದಲಿಸಿದಿರೋ, ಈ ಆಪ್ ಪಾಸ್‌ವರ್ಡೂ ರದ್ದಾಗುತ್ತದೆ.

ಹಾಗೆಂದು ಎಲ್ಲಕ್ಕೂ ಗೂಗಲನ್ನೇ ದೂರುವಂತಿಲ್ಲ. ಸ್ಕ್ರಿಪ್ಟ್ ಓಡಿತೇ ಇಲ್ಲವೇ ಎಂಬುದನ್ನು ಮೊದಲು ನೋಡಬೇಕು. ಅನೇಕರು ಇದನ್ನು ಬಿಟ್ಟು ನೇರ ಪಾಸ್‌ವರ್ಡಿಗೇ ಕೈ ಹಾಕುತ್ತಾರೆ. ಲಿನಕ್ಸ್ ಸರ್ವರುಗಳಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡುವುದು ಕ್ರಾನ್. ಅದು ಸ್ಕ್ರಿಪ್ಟನ್ನು ಬಹಳ ಬರಿದಾದ ಪರಿಸರದಲ್ಲಿ ಓಡಿಸುತ್ತದೆ. ಕೈಯಿಂದ ಓಡಿಸಿದಾಗ ತಾನಾಗಿ ಸಿಗುತ್ತಿದ್ದ ಪೈಥಾನ್ ಅಲ್ಲಿ ಸಿಗದೇ ಹೋಗಬಹುದು. ಪ್ರತಿ ಕಡತಕ್ಕೂ, ಪ್ರೋಗ್ರಾಂಗೂ ಪೂರ್ತಿ ಹಾದಿ ಬರೆದರೆ ಈ ತೊಂದರೆ ತಪ್ಪುತ್ತದೆ.

ಗಡಿಯಾರವೂ ಮೋಸ ಮಾಡುತ್ತದೆ. ಕ್ಲೌಡ್ ಸರ್ವರುಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿರುತ್ತವೆ. ಭಾರತ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಆರು ಗಂಟೆಗೆಂದು ಬರೆದ ಕೆಲಸ ಕೋಣನಕುಂಟೆಯಲ್ಲಿ 11.30 ಆದಾಗ ಶುರುವಾಗುತ್ತದೆ. ಮಾಲೀಕರು ಆ ಹೊತ್ತಿಗೆ ಸಿಟ್ಟು ತೀರಿಸಿಕೊಂಡೂ ಆಗಿರುತ್ತದೆ.

ಇನ್ನೊಂದು ವಿಚಿತ್ರ. ಸ್ಕ್ರಿಪ್ಟ್ ಎಡವಿದರೆ ಅದರ ದೂರನ್ನು ಕ್ರಾನ್ ಕಳಿಸುವುದೂ ಈಮೇಲ್ ಮೂಲಕವೇ! ಮೇಲ್ ವ್ಯವಸ್ಥೆಯೇ ಕೆಟ್ಟಿದ್ದರೆ ದೂರಿಗೂ ಅದೇ ಗತಿ. ಇಲ್ಲವಾದರೆ ಯಾರೂ ತೆರೆಯದ ಸರ್ವರಿನ ಅಂಚೆಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ಅದಕ್ಕೇ ಪ್ರತಿ ಓಟದ ವಿವರ ಒಂದು ಲಾಗ್ ಕಡತಕ್ಕೆ ಹೋಗಬೇಕು.

ಓಡಿದ್ದು ಖಚಿತವಾದರೆ ಮೇಲ್ ಹೊರಹೋಗುವ ದಾರಿ ನೋಡಿ. ಅಮೆಜಾನ್, ಗೂಗಲ್ ಕ್ಲೌಡ್‌ಗಳು ಸ್ಪ್ಯಾಮ್ ಭಯದಿಂದ 25ನೇ ಪೋರ್ಟನ್ನು ತಡೆಯುತ್ತವೆ. 587 ಅಥವಾ 465 ಬಳಸಬೇಕು. ಸ್ವಂತ ಡೊಮೈನಿನಿಂದ ಕಳಿಸುವವರು 2024ರ ಫೆಬ್ರುವರಿಯಿಂದ ಜಿಮೇಲ್ ಕೇಳುತ್ತಿರುವ ಎಸ್‌ಪಿಎಫ್ ಅಥವಾ ಡಿಕೆಐಎಂ ಗುರುತನ್ನು ಹಾಕಿಸಿರಬೇಕು. ಸ್ಪ್ಯಾಮ್ ಫೋಲ್ಡರನ್ನೂ ಒಮ್ಮೆ ತೆರೆದು ನೋಡಿ.

ಸ್ಕ್ರಿಪ್ಟ್ ಬರೆಸುವವರು ಇನ್ನೊಂದು ಷರತ್ತು ಹಾಕಲಿ: ಲೆಕ್ಕ ಸೊನ್ನೆಯಾದ ದಿನವೂ ಮೇಲ್ ಬರಬೇಕು. ಆಗ ಮೇಲ್ ಬಾರದ ದಿನವೇ ಕೆಟ್ಟಿದ್ದು ತಿಳಿಯುತ್ತದೆ.