ಆಜ್ಞೆಗೆ ಒಂದು ನಿಯಮ, ದತ್ತಾಂಶಕ್ಕೆ ಇನ್ನೊಂದು: ಎಸ್‌ಕ್ಯೂಎಲ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಹೋಲಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ದ್ವಿತೀಯ ಪಿಯುಸಿ ಗಣಕ ವಿಜ್ಞಾನ ತರಗತಿಗೆ ನಾನು ಎಸ್‌ಕ್ಯೂಎಲ್ ಘಟಕವನ್ನು ಪಾಠ ಮಾಡಿದೆ. ‘ಎಸ್‌ಕ್ಯೂಎಲ್‌ನಲ್ಲಿ ಕ್ಯಾಪಿಟಲ್, ಸ್ಮಾಲ್ ಎಂಬ ಭೇದವಿಲ್ಲ’ ಎಂದು ಕಪ್ಪುಹಲಗೆಯ ಮೇಲೆ ಬರೆದು ಮುಂದಕ್ಕೆ ಹೋದೆ. ಆ ವಾಕ್ಯ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ನನಗೆ ತೋರಿಸಿಕೊಟ್ಟವಳು ಪ್ರಯೋಗಾಲಯದ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ವಿದ್ಯಾರ್ಥಿನಿ. ಈ ಘಟಕವನ್ನು ಮುಂದೆ ತೆಗೆದುಕೊಳ್ಳುವ ಸಹ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಚಟುವಟಿಕೆ ಸರಳವಾಗಿತ್ತು. ಮಕ್ಕಳು ತಮ್ಮ ಹೆಸರು ಮತ್ತು ಊರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಟೇಬಲ್‌ಗೆ ತುಂಬಿದರು. ಹಾಸನದವರು ಆರು ಜನ. ಮೂವರು ಊರಿನ ಹೆಸರಿನ ಮೊದಲ ಅಕ್ಷರವನ್ನಷ್ಟೇ ದೊಡ್ಡದಾಗಿ ಬರೆದಿದ್ದರು, ಇಬ್ಬರು ಎಲ್ಲವನ್ನೂ ದೊಡ್ಡದಾಗಿ, ಒಬ್ಬ ಎಲ್ಲವನ್ನೂ ಸಣ್ಣದಾಗಿ. ನಂತರ ಅದೇ ಟೇಬಲ್ಲನ್ನು ಎಲ್ಲ ಯಂತ್ರಗಳಿಗೂ ಹಾಕಿದೆ. ಹಾಸನದವರ ಪಟ್ಟಿ ಪಡೆಯಲು ಕೊಟ್ಟ ಕ್ವೆರಿ ಇದು (ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ):

ಸೆಲೆಕ್ಟ್ ಹೆಸರು ಫ್ರಮ್ ವಿದ್ಯಾರ್ಥಿ ವೇರ್ ಊರು = 'ಹಾಸನ';

ಮೈಎಸ್‌ಕ್ಯೂಎಲ್ ಇದ್ದ ಯಂತ್ರಗಳಲ್ಲಿ ಆರೂ ಹೆಸರು ಬಂದವು. ಹಿಂದಿನ ಸಾಲಿನ ಎರಡು ಹಳೆಯ ಯಂತ್ರಗಳಲ್ಲಿ ಮಾತ್ರ ಹಗುರವಾದ ಎಸ್‌ಕ್ಯೂಲೈಟ್ ಇತ್ತು. ಅಲ್ಲಿ ಕುಳಿತಿದ್ದ ಹುಡುಗಿ ಊರಿನ ಹೆಸರನ್ನು ಸಣ್ಣಕ್ಷರದಲ್ಲಿ ಟೈಪ್ ಮಾಡಿದ್ದಳು. ಅವಳಿಗೆ ಬಂದದ್ದು ಒಂದೇ ಹೆಸರು. ಅಳಿಸಿ ಮತ್ತೆ ಟೈಪ್ ಮಾಡಿದಳು, ಮತ್ತೆ ಅಳಿಸಿದಳು. “ಮಿಸ್, ನಂದು ಎಲ್ಲೋ ತಪ್ಪಾಗಿದೆ” ಎಂದಳು. “ಸರಿಯಾಗಿ ನೋಡಿ ಇನ್ನೊಮ್ಮೆ ಮಾಡು” ಎಂದುಬಿಟ್ಟೆ. ಅವಳ ಕ್ವೆರಿಯಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು ಕಪ್ಪುಹಲಗೆಯ ಮೇಲಿನ ನನ್ನ ವಾಕ್ಯದಲ್ಲಿ.

ಸೆಲೆಕ್ಟ್, ಫ್ರಮ್, ವೇರ್ ಮುಂತಾದ ಆಜ್ಞಾಪದಗಳನ್ನು ದೊಡ್ಡಕ್ಷರದಲ್ಲಿ ಬರೆದರೂ ಸಣ್ಣಕ್ಷರದಲ್ಲಿ ಬರೆದರೂ ನಡೆಯುತ್ತದೆ. ಆದರೆ ಉದ್ಧರಣ ಚಿಹ್ನೆಯ ಒಳಗಿರುವುದು ಆಜ್ಞೆಯಲ್ಲ, ದತ್ತಾಂಶ. ಗಣಕಕ್ಕೆ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಆಸ್ಕಿ ಸಂಕೇತದಲ್ಲಿ ದೊಡ್ಡ ‘ಎ’ಗೆ 65, ಸಣ್ಣ ‘ಎ’ಗೆ 97. ಇಂಗ್ಲಿಷಿನ 26 ಅಕ್ಷರಗಳಲ್ಲೂ ಇದೇ 32ರ ಅಂತರ. 65 ಮತ್ತು 97ನ್ನು ಒಂದೇ ಅಕ್ಷರವೆಂದು ಒಪ್ಪಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ಕೊಲೇಶನ್. ಅಂದರೆ ಅಕ್ಷರಗಳನ್ನು ಹೋಲಿಸುವ ಮತ್ತು ಕ್ರಮವಾಗಿ ಜೋಡಿಸುವ ನಿಯಮಗಳ ಗುಂಪು.

ಮೈಎಸ್‌ಕ್ಯೂಎಲ್ 8.0ರಲ್ಲಿ ನಾವೇನೂ ಹೇಳದಿದ್ದರೆ ಬಳಕೆಯಾಗುವ ಕೊಲೇಶನ್ನಿನ ಹೆಸರು ‘ಸಿಐ’ ಎಂದು ಮುಗಿಯುತ್ತದೆ. ಕೇಸ್ ಇನ್‌ಸೆನ್ಸಿಟಿವ್, ಅಂದರೆ ಅಕ್ಷರದ ಗಾತ್ರವನ್ನು ಲೆಕ್ಕಿಸದ್ದು ಎಂದರ್ಥ. ಎಸ್‌ಕ್ಯೂಲೈಟ್‌ನಲ್ಲಿ ಬೈನರಿ ಕೊಲೇಶನ್ ಇರುತ್ತದೆ. ಅದಕ್ಕೆ ಸಂಕೇತಗಳು ಯಥಾವತ್ತಾಗಿ ಹೊಂದಬೇಕು. ಪೋಸ್ಟ್‌ಗ್ರೆಸ್‌ಕ್ಯೂಎಲ್ ಕೂಡ ಸಾಮಾನ್ಯವಾಗಿ ಭೇದ ಮಾಡುತ್ತದೆ. ಹಾಗಾಗಿ ನಮ್ಮ ಪ್ರಯೋಗಾಲಯದ ಎರಡೂ ಬಗೆಯ ಯಂತ್ರಗಳು ತಮ್ಮ ನಿಯಮದಂತೆ ಸರಿಯಾಗಿಯೇ ನಡೆದುಕೊಂಡಿದ್ದವು.

ಎಲ್ಲೆಡೆ ಒಂದೇ ಉತ್ತರ ಬರಬೇಕಾದರೆ ಹೋಲಿಕೆಯ ಎರಡೂ ಬದಿಯನ್ನು ಒಂದೇ ಗಾತ್ರಕ್ಕೆ ತರಬೇಕು:

ವೇರ್ ಅಪ್ಪರ್(ಊರು) = ಅಪ್ಪರ್('ಹಾಸನ')

ಮಕ್ಕಳು ಒಂದೇ ಬದಿಗೆ ಅಪ್ಪರ್ ಹಾಕಿ ಇನ್ನೊಂದನ್ನು ಸಣ್ಣಕ್ಷರದಲ್ಲೇ ಬಿಡುವುದುಂಟು. ಆಗ ಎಸ್‌ಕ್ಯೂಲೈಟ್‌ನಲ್ಲಿ ಒಂದು ಸಾಲೂ ಬರುವುದಿಲ್ಲ. ದೊಡ್ಡ ಟೇಬಲ್‌ಗಳಲ್ಲಿ ಇನ್ನೊಂದು ತೊಡಕಿದೆ: ಕಾಲಮ್ಮಿಗೆ ಹೀಗೆ ಫಂಕ್ಷನ್ ಹಚ್ಚಿದರೆ ಅದರ ಸಾಮಾನ್ಯ ಇಂಡೆಕ್ಸ್ ಉಪಯೋಗಕ್ಕೆ ಬಾರದೆ ಹುಡುಕಾಟ ನಿಧಾನವಾಗಬಹುದು. ಎಸ್‌ಕ್ಯೂಲೈಟ್‌ನಲ್ಲಿ ಹೋಲಿಕೆಯ ಕೊನೆಗೆ ‘ಕೊಲೇಟ್ ನೋಕೇಸ್’ ಎಂದು ಸೇರಿಸಿಯೂ ಇದೇ ಫಲ ಪಡೆಯಬಹುದು. ಇದು ಇಂಗ್ಲಿಷಿನ 26 ಅಕ್ಷರಗಳಿಗೆ ಮಾತ್ರ ಅನ್ವಯ.

ಪಕ್ಕದ ಹುಡುಗ ಸಮಚಿಹ್ನೆಯ ಬದಲು ‘ಲೈಕ್’ ಬಳಸಿ ಅದೇ ಎಸ್‌ಕ್ಯೂಲೈಟ್‌ನಲ್ಲಿ ಆರೂ ಹೆಸರು ತಂದ. ಅಲ್ಲಿ ಲೈಕ್ ಇಂಗ್ಲಿಷ್ ಅಕ್ಷರಗಳ ಗಾತ್ರ ನೋಡುವುದಿಲ್ಲ. ಆದರೆ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಲೈಕ್ ಭೇದ ಮಾಡುತ್ತದೆ, ಅದಕ್ಕೆ ‘ಐಲೈಕ್’ ಬೇಕು. ಆದ್ದರಿಂದ ಇದನ್ನು ಎಲ್ಲೆಡೆ ನಡೆಯುವ ಉಪಾಯವೆಂದು ಕಲಿಸಬಾರದು. “ಕನ್ನಡದಲ್ಲೇ ಬರೆದಿದ್ರೆ ಈ ತೊಂದ್ರೆ ಇರ್ತಿರ್ಲಿಲ್ಲ ಅಲ್ವಾ ಮಿಸ್?” ಎಂದು ಒಬ್ಬಳು ಕೇಳಿದಳು. ನಿಜ. ಕನ್ನಡ ಲಿಪಿಯಲ್ಲಿ ದೊಡ್ಡ, ಸಣ್ಣ ಎಂಬ ಜೋಡಿಗಳಿಲ್ಲ. ಅಪ್ಪರ್ ಹಚ್ಚಿದರೂ ಪದ ಇದ್ದಂತೆಯೇ ಇರುತ್ತದೆ.

ಇಲ್ಲಿ ಎಚ್ಚರ ಬೇಕಾದದ್ದು ಏಕೆಂದರೆ ಯಂತ್ರ ದೋಷಸಂದೇಶ ಕೊಡುವುದಿಲ್ಲ. ಐದು ಮಕ್ಕಳ ಹೆಸರು ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ನಮ್ಮದು ಅಭ್ಯಾಸದ ಟೇಬಲ್. ಅದು ವಿದ್ಯಾರ್ಥಿವೇತನದ ಪಟ್ಟಿಯಾಗಿದ್ದರೆ? ಹಾಗೆಂದು ಎಲ್ಲ ಕಡೆಯೂ ಭೇದ ಅಳಿಸುವುದೂ ಸರಿಯಲ್ಲ. ಊರಿನ ಹೆಸರಿಗೆ ಭೇದ ಬೇಡ, ಪಾಸ್‌ವರ್ಡ್‌ಗೆ ಬೇಕು. ದತ್ತಾಂಶ ಯಾವುದೆಂದು ನೋಡಿ ತೀರ್ಮಾನಿಸಬೇಕು.

ಮರುದಿನ ನನ್ನ ಹಳೆಯ ವಾಕ್ಯವನ್ನೇ ಮತ್ತೆ ಬರೆದು, ಎಲ್ಲರ ಮುಂದೆ ತಿದ್ದಿದೆ: ‘ಆಜ್ಞಾಪದಗಳಲ್ಲಿ ಭೇದವಿಲ್ಲ. ದತ್ತಾಂಶದಲ್ಲಿ ಭೇದವಿದೆಯೇ ಎಂಬುದನ್ನು ಕೊಲೇಶನ್ ಹೇಳುತ್ತದೆ.’ ಹಿಂದಿನ ದಿನ ಆ ಹುಡುಗಿ ಬರೆದದ್ದು ಸರಿಯಾಗಿತ್ತೆಂದೂ, ಅವಳನ್ನು ತಿದ್ದಿದ ನಾನೇ ತಪ್ಪಿದ್ದೆನೆಂದೂ ಹೇಳಿದೆ. ಅವಳೇ ಬಂದು ಅಪ್ಪರ್ ಸೇರಿಸಿದ ಕ್ವೆರಿಯನ್ನು ಬರೆದಳು.

ಈಗ ನನ್ನ ಪಾಠ ಯೋಜನೆಯಲ್ಲಿ ಒಂದು ಹಂತ ಹೆಚ್ಚಾಗಿದೆ. ಕ್ವೆರಿ ಓಡಿಸುವ ಮೊದಲು ಮಕ್ಕಳು ‘ಎಷ್ಟು ಸಾಲು ಬರಬೇಕು?’ ಎಂದು ಟೇಬಲ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಆರು ಎಂದು ಬರೆದುಕೊಂಡ ಮಗು, ಒಂದೇ ಸಾಲು ಬಂದರೆ ತನ್ನ ಉತ್ತರವನ್ನು ಅಳಿಸುವ ಬದಲು ಕಾರಣ ಕೇಳುತ್ತದೆ.