ಪೀಟ್ ಪದರಗಳಲ್ಲಿ ಉಳಿದ ಗಾಳಿಯ ದಾಖಲೆ

ಸದಾ ನೀರು ನಿಂತ ಜೌಗುನೆಲದಲ್ಲಿ ಆಮ್ಲಜನಕ ಸಾಲದೆ, ಸತ್ತ ಹಾವಸೆ, ಹುಲ್ಲು, ಬೇರುಗಳು ಪೂರ್ತಿ ಕೊಳೆಯದೆ ಪದರದ ಮೇಲೆ ಪದರವಾಗಿ ಕೂಡುತ್ತವೆ. ಈ ಕಂದುಗಪ್ಪು ರಾಶಿಗೆ ಪೀಟ್ ಎಂದು ಹೆಸರು. ಇದು ವರ್ಷಕ್ಕೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಬೆಳೆಯುವುದರಿಂದ, ಕೆಲವು ಮೀಟರ್ ಆಳದ ಜೌಗು ಸಾವಿರಾರು ವರ್ಷಗಳ ಹವಾಮಾನವನ್ನು ಕ್ರಮವಾಗಿ ಹಿಡಿದಿಟ್ಟುಕೊಂಡಿರುತ್ತದೆ. ಟೊಳ್ಳು ಕೊಳವೆಯನ್ನು ಇಳಿಸಿ ಆ ಪದರಗಳನ್ನು ಕದಡದಂತೆ ಮೇಲೆತ್ತಿ, ವಿಕಿರಣಶೀಲ ಇಂಗಾಲ-14ರ ಅರ್ಧಾಯು 5,730 ವರ್ಷಗಳೆಂಬ ಲೆಕ್ಕದಿಂದ ಒಂದೊಂದು ಪದರದ ವಯಸ್ಸನ್ನು ನಿರ್ಧರಿಸಲಾಗುತ್ತದೆ.

ಗಾಳಿಯ ಚರಿತ್ರೆಗೆ ಎಲ್ಲ ಜೌಗುಗಳೂ ಒದಗುವುದಿಲ್ಲ. ಹಾವಸೆ ಬೆಳೆದು ಬೆಳೆದು ಸುತ್ತಲಿನ ನೆಲಕ್ಕಿಂತ ಎತ್ತರಕ್ಕೆ ಉಬ್ಬಿದ, ಅಂತರ್ಜಲವಾಗಲಿ ಹಳ್ಳದ ನೀರಾಗಲಿ ಮುಟ್ಟದ, ಮಳೆಹನಿಯನ್ನಷ್ಟೇ ಕುಡಿದು ಬದುಕುವ ಜೌಗುಗಳು ಈ ಕೆಲಸಕ್ಕೆ ಅತ್ಯುತ್ತಮವಾದವು. ಏಕೆಂದರೆ ಅಲ್ಲಿ ಸಿಗುವ ಖನಿಜದ ಕಣ ಆಕಾಶದಿಂದಲ್ಲದೆ ಬೇರೆಡೆಯಿಂದ ಬಂದಿರಲಾರದು. ಕಣದ ಗಾತ್ರ ಗಾಳಿಯ ಬಲವನ್ನು ಸೂಚಿಸುತ್ತದೆ. ಸ್ವೀಡನ್ನಿನ ನೈಋತ್ಯ ಕರಾವಳಿಯ ಹಾಲಂಡ್ ಪ್ರಾಂತ್ಯದಲ್ಲಿ ಪೀಟನ್ನು ಸುಟ್ಟು, ಉಳಿದ ಮರಳಿನ ಕಣಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಿದ ಸಂಶೋಧಕರು, ಅವು ಹೆಚ್ಚಿರುವ ಪದರಗಳನ್ನು ಬಿರುಗಾಳಿಗಳು ಹೆಚ್ಚಿದ್ದ ಕಾಲವೆಂದು ಗುರುತಿಸಿದ್ದಾರೆ. ದಪ್ಪ ಮರಳು ಕಡಲತೀರದಿಂದ ಬಹುದೂರ ಹಾರಲಾರದು. ನವಿರಾದ ಧೂಳಾದರೋ ಸಾವಿರಾರು ಕಿಲೋಮೀಟರ್ ತೇಲಿ ಬರಬಲ್ಲದು. ಅಂಥ ಧೂಳಿನ ತವರನ್ನು ಹುಡುಕಲು ನಿಯೋಡೈಮಿಯಂ ಎಂಬ ಧಾತುವಿನ ಐಸೋಟೋಪ್‌ಗಳು, ಅಂದರೆ ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳು, ನೆರವಾಗುತ್ತವೆ. ಅವುಗಳ ಪ್ರಮಾಣ ಮೂಲಶಿಲೆಯ ವಯಸ್ಸು ಮತ್ತು ಜಾತಿಯನ್ನು ಅವಲಂಬಿಸಿದ್ದು, ಪ್ರಯಾಣದಲ್ಲಿ ಬದಲಾಗುವುದಿಲ್ಲವಾದ್ದರಿಂದ, ಗಾಳಿ ಯಾವ ದಿಕ್ಕಿನಿಂದ ಬೀಸಿತೆಂಬುದನ್ನೂ ಊಹಿಸಬಹುದು.

ಆದರೆ ಧೂಳು ಹೆಚ್ಚಿತೆಂದ ಮಾತ್ರಕ್ಕೆ ಗಾಳಿ ಬಲಗೊಂಡಿತೆಂದು ತೀರ್ಮಾನಿಸುವುದು ಅವಸರವಾದೀತು. ಸ್ವಿಟ್ಜರ್ಲೆಂಡಿನ ಜೂರಾ ಪರ್ವತದ ಎತಾಂಗ್ ದ ಲಾ ಗ್ರುಯೆರ್ ಜೌಗಿನ ಬಗ್ಗೆ ವಿಲಿಯಂ ಶಾಟಿಕ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಹಿಮಯುಗದ ಕೊನೆಯಲ್ಲಿ ಮರುಕಳಿಸಿದ ಯಂಗರ್ ಡ್ರೈಯಸ್ ಎಂಬ ಶೀತಾವಧಿಯಲ್ಲಿ ಅಲ್ಲಿ ಧೂಳು ಏರಿದ್ದಕ್ಕೆ ಹವಾಮಾನವೇ ಕಾರಣ. ಸುಮಾರು 6,000 ವರ್ಷಗಳ ಹಿಂದೆ ಅದು ಮತ್ತೆ ಏರಿದ್ದಕ್ಕೆ ಕಾಡು ಕಡಿದು ನೆಲ ಉತ್ತ ರೈತರು ಕಾರಣ. ಸುಮಾರು 3,000 ವರ್ಷಗಳಿಂದೀಚೆಗೆ, ಮಣ್ಣಿನಿಂದಷ್ಟೇ ಬರುವ ಸ್ಕ್ಯಾಂಡಿಯಂ ಎಂಬ ಧಾತುವಿಗೆ ಹೋಲಿಸಿದರೆ ಸೀಸದ ಪಾಲು ಹೆಚ್ಚುತ್ತ ಹೋಗುವುದು ಗಣಿ ಮತ್ತು ಕುಲುಮೆಗಳ ಗುರುತು. ಗಾಳಿ, ಬರ, ನೇಗಿಲು, ಗಣಿ ಇವನ್ನು ಒಂದರಿಂದೊಂದು ಬಿಡಿಸಿ ನೋಡುವುದೇ ಈ ವಿಜ್ಞಾನದ ನಿಜವಾದ ಕಷ್ಟ, ಅದರ ಹಿರಿಮೆಯೂ ಹೌದು.

ದಕ್ಷಿಣ ಭಾರತದಲ್ಲಿ ನೀಲಗಿರಿಯ 2,000 ಮೀಟರಿಗೂ ಮೇಲಿನ ಕಣಿವೆಗಳಲ್ಲಿ ಪೀಟ್ ಇದೆ. ಅದು ಸುತ್ತಲಿನ ನೀರೂ ಹರಿದುಬರುವ ಕಣಿವೆಯ ಜೌಗಾದ್ದರಿಂದ ಧೂಳಿಗಿಂತ ಸಸ್ಯದ ಇಂಗಾಲವೇ ಅಲ್ಲಿ ಹೆಚ್ಚು ನಂಬಲರ್ಹ. ಒಣಹವೆಗೆ ಒಗ್ಗಿದ ಹಲವು ಹುಲ್ಲುಗಳು, ತೇವ ಬಯಸುವ ಮರಗಿಡಗಳಿಗಿಂತ ಇಂಗಾಲ-13 ಎಂಬ ಭಾರದ ಐಸೋಟೋಪನ್ನು ಹೆಚ್ಚಾಗಿ ಉಳಿಸಿಕೊಳ್ಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಹಸಂಶೋಧಕರು 1993ರಲ್ಲಿ ಈ ವ್ಯತ್ಯಾಸವನ್ನೇ ಹಿಡಿದು ಸುಮಾರು 20,000 ವರ್ಷಗಳ ಚರಿತ್ರೆಯನ್ನು ಓದಿದರು. ಹಿಮಯುಗದ ತುತ್ತತುದಿಯಲ್ಲಿ ಅಲ್ಲಿ ಶುಷ್ಕತೆಯಿತ್ತು; ಹಿಮಯುಗ ಮುಗಿಯುತ್ತಿದ್ದಂತೆ ತೇವ ಹೆಚ್ಚಿತು; ಮುಂದೆ ಮತ್ತೊಂದು ದೀರ್ಘ ಒಣ ಅವಧಿ ಬಂತು; ಸುಮಾರು 600 ವರ್ಷಗಳ ಹಿಂದೆ ಅಲ್ಪಕಾಲ ಮಳೆ ಹೆಚ್ಚಿತು. ಮುಂಗಾರೆಂದರೆ ಕಡಲಿನ ತೇವ ಹೊತ್ತು ತರುವ ಗಾಳಿಯೇ ಆದ್ದರಿಂದ, ನೀಲಗಿರಿಯ ಹುಲ್ಲು ಮತ್ತು ಮರಗಳ ಈ ಏರಿಳಿತ ಆ ಗಾಳಿಯ ಏರಿಳಿತಕ್ಕೂ ಸಾಕ್ಷಿ.

ನೀಲಗಿರಿಯ ಹಲವು ಜೌಗುಗಳ ನೀರನ್ನು ಬಸಿದು ತರಕಾರಿ ಬೆಳೆಯಲಾಗಿದೆ. ನೀರಿಳಿದ ಪೀಟಿಗೆ ಗಾಳಿ ಸೋಕಿದೊಡನೆ, ಸಾವಿರಾರು ವರ್ಷ ತಡೆದಿದ್ದ ಕೊಳೆಯುವಿಕೆ ಪುನಃ ಆರಂಭವಾಗಿ ದಾಖಲೆಯೇ ಅಳಿಯುತ್ತದೆ. ಉಳಿದಿರುವ ಜೌಗುಗಳನ್ನು ಪಾಳುನೆಲವೆಂದು ಎಣಿಸದೆ, ಅವುಗಳ ನೀರಿನೊಂದಿಗೆ ಹಾಗೆಯೇ ಕಾಪಾಡುವುದು ಅರಣ್ಯ ಇಲಾಖೆ ಮತ್ತು ಸ್ಥಳೀಯ ಆಡಳಿತಗಳು ತಡಮಾಡದೆ ಕೈಗೊಳ್ಳಬೇಕಾದ ಕೆಲಸ.