ತಾಯಿ ಜಿಗಿದ ಎತ್ತರ

ಅಕ್ಕ ತಂಗಿಯರೇ, ಮಗು ಹಡೆದ ಮೇಲೆ ಇನ್ನೇನು ಆಟ ಅಂತಾರೆ ನಮ್ಮ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ. ಸಹನಾ ಕುಮಾರಿ ಹಡೆದ ಮೇಲೂ ಆಡಿದರು.

ಅವರು ದಕ್ಷಿಣ ಕನ್ನಡ ಜಿಲ್ಲೆಯವರು. ಹುಟ್ಟಿದ್ದು 1982ರಲ್ಲಿ. ಅವರದು ಎತ್ತರ ಜಿಗಿತ. ಎರಡು ಕಂಬ, ನಡುವೆ ಒಂದು ಅಡ್ಡಕೋಲು. ಓಡಿ ಬಂದು, ಒಂದೇ ಕಾಲು ಊರಿ ಹಾರಬೇಕು. ಬೆನ್ನು ಕೆಳಗೆ ಮಾಡಿ ಕೋಲು ದಾಟುತ್ತಾರೆ. ಆಚೆ ದಪ್ಪನೆಯ ಗಾದಿ ಇರುತ್ತದೆ. ಕೋಲು ಅಲುಗಾಡಿದರೆ ನಡೀತದೆ, ಬೀಳಬಾರದು. ಸತತ ಮೂರು ಸಲ ತಪ್ಪಿತೋ, ಆಟ ಮುಗೀತು.

ಕೇರಳದ ಬಾಬಿ ಅಲೋಶಿಯಸ್ 2004ರಲ್ಲಿ 1.91 ಮೀಟರ್ ಜಿಗಿದಿದ್ದರು. ನಮ್ಮ ದೇಶದ ಯಾವ ಹೆಂಗಸೂ ಅದಕ್ಕಿಂತ ಮೇಲೆ ಹಾರಿರಲಿಲ್ಲ. ಇದಕ್ಕೇ ದಾಖಲೆ ಅನ್ನುವುದು. 2012ರ ಜೂನಿನಲ್ಲಿ ಹೈದರಾಬಾದಿನಲ್ಲಿ ಸಹನಾ 1.92 ಮೀಟರ್ ದಾಟಿದರು. ಹೆಚ್ಚಾದದ್ದು ಒಂದೇ ಸೆಂಟಿಮೀಟರ್, ಕಿರುಬೆರಳಿನ ಅಗಲ! ನಮಗೆ ಆ ಒಂದು ಬೆರಳೇ ದೊಡ್ಡದು. ಅಡಿ ಲೆಕ್ಕದಲ್ಲಿ ಆ ಎತ್ತರ 6 ಅಡಿ ಮೂರೂವರೆ ಇಂಚು. ಎತ್ತರದ ಗಂಡಸು ಪಟಗ ಸುತ್ತಿ ನಿಂತಷ್ಟು. ಆಗ ಅವರಿಗೆ 30 ವರ್ಷ. ಮನೆಯಲ್ಲಿ ಪುಟ್ಟ ಮಗಳು.

ಅದೇ ವರ್ಷ ಲಂಡನ್ ಒಲಿಂಪಿಕ್ಸಿಗೂ ಹೋದರು. ಅಲ್ಲಿ 1.80 ಮೀಟರ್ ಮಾತ್ರ ಆಯಿತು, ಫೈನಲ್ ಸಿಗಲಿಲ್ಲ.

ಗಂಡ ನಾಗರಾಜ್ ಓಟಗಾರರು. ಆ ಪುಟ್ಟ ಮಗಳು ಪಾವನಾ 2024ರಲ್ಲಿ ದುಬೈಗೆ ಹೋಗಿ, ಏಷ್ಯಾದ ಕಿರಿಯರ ಕೂಟದಲ್ಲಿ ಉದ್ದ ಜಿಗಿದು ಚಿನ್ನದ ಪದಕ ತಂದಳು.